ಕಪಾಟಿನ ಚಾತುರ್ಮಾಸ್ಯ

ಉಡುಪಿಯ ಕಡೆಯವರಿಗೆ ಚಾತುರ್ಮಾಸ್ಯ ಎಂದರೆ ಎಂತದು ಎಂದು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಯತಿಗಳು ಊರೂರು ತಿರುಗದೆ ಒಂದೇ ಕಡೆ ಕುಳಿತು ವ್ರತ ಹಿಡಿಯುತ್ತಾರೆ. ಕಾರ್ಕಳ ಪೇಟೆಗೆ ತಾಗಿದ ಕುಕ್ಕುಂದೂರಿನಲ್ಲಿರುವ ನಮ್ಮ ಮನೆಯಲ್ಲಿ ಈ ವ್ರತ ಹಿಡಿಯುವುದು ಒಂದು ಮರದ ಕಪಾಟು. ಮೊದಲ ಮಳೆ ಬಿದ್ದ ದಿನ ಅದರ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ವಿಜಯದಶಮಿಗೆ. ನಡುವೆ ಸಾಕ್ಷಾತ್ ಸರಸ್ವತಿಯೇ ಬಂದು ಬಾಗಿಲು ಬಡಿದರೂ ನವರಾತ್ರಿ ಕಳೆದು ಬಾರಮ್ಮ ಎಂದು ಹೇಳಿ ಕಳುಹಿಸುವ ಕ್ರಮ.

ಒಳಗಿರುವುದು ಗ್ರಾಮಫೋನ್ ರೆಕಾರ್ಡುಗಳು. ಮೇಲಿನ ಎರಡು ಅಂತಸ್ತಿನಲ್ಲಿ ಹಿಂದೂಸ್ತಾನಿ, ಕೆಳಗಿನ ಎರಡರಲ್ಲಿ ಕರ್ನಾಟಕ. ಮೇಲಿನವು ಕಾಪುವಿನ ನನ್ನ ಗೆಳೆಯನವು, ಕೆಳಗಿನವು ನನ್ನವು. ಮೇಲೆ ಕೆಳಗೆ ಎಂಬ ಈ ವ್ಯವಸ್ಥೆಯಲ್ಲಿ ಅವನು ಯಾವಾಗಲೂ ಒಂದು ಅರ್ಥ ಕಾಣುತ್ತಿದ್ದ. ನನ್ನ ಬೆನ್ನು ಸರಿಯಿಲ್ಲದೆ ನಾನು ಬಗ್ಗುವಾಗಲೆಲ್ಲ, "ನಿಮ್ಮ ಸಂಗೀತಕ್ಕೆ ಹಾಗೆಯೇ ತಲೆ ಬಗ್ಗಿಸಬೇಕು ಸ್ವಾಮಿ, ನಮ್ಮದು ನಿಂತುಕೊಂಡೇ ತೆಗೆಯುವಂಥದ್ದು" ಎನ್ನುತ್ತಿದ್ದ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತುವನ್ನು ನಾನು ಕಂಡಿಲ್ಲ. ಚರ್ಮದ ಬೆಲ್ಟಿಗೆ ಹಿಡಿಯುತ್ತದೆ, ಮದುವೆಯ ಫೋಟೋಕ್ಕೆ ಹಿಡಿಯುತ್ತದೆ, ಬ್ಯಾಂಕಿನವರು ನಿವೃತ್ತಿಯ ದಿನ ನನಗೆ ಕೊಟ್ಟ ಸನ್ಮಾನಪತ್ರಕ್ಕೂ ಅದು ಭೇದವಿಲ್ಲದೆ ಹಿಡಿದಿದೆ. ರೆಕಾರ್ಡಿಗೆ ಹಿಡಿದರೆ ಮಾತ್ರ ಅದು ಒರೆಸಿದಲ್ಲಿಗೆ ಮುಗಿಯುವುದಿಲ್ಲ. ಸೂಜಿ ಓಡುವ ಗೆರೆಯೊಳಗೆ ಬೇರು ಬಿಟ್ಟು ಕಚ್ಚುತ್ತದೆ. ಬೂಷ್ಟು ಹೋದರೂ ಕಚ್ಚಿದ ಗುರುತು ಉಳಿದು, ಹಾಡಿನುದ್ದಕ್ಕೂ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ. ಅದಕ್ಕಾಗಿ ಕಪಾಟಿನ ತಳದಲ್ಲಿ ಒಂದು ನಲವತ್ತು ವ್ಯಾಟಿನ ಬಲ್ಬು. ಮಳೆಗಾಲ ಪೂರ್ತಿ ಹಗಲೂ ರಾತ್ರಿ ಅದು ಉರಿಯಬೇಕು. ರೆಕಾರ್ಡಿಗೆ ತಾಗದ ಹಾಗೆ ಅದರ ಮೇಲೆ ತಂತಿಯದೊಂದು ಪಂಜರ. ಈ ಏರ್ಪಾಡು ಗೆಳೆಯನದು. ಬಾಗಿಲು ಮುಚ್ಚಿದ ಮೇಲೆ ಸಂದಿಯಿಂದ ಒಂದು ಹಳದಿ ಗೆರೆ ನೆಲದ ಮೇಲೆ ಬೀಳುತ್ತಿತ್ತು. ಸಂಜೆ ಹೆಂಡತಿ ದೇವರಿಗೆ ದೀಪ ಹಚ್ಚಿದ ಕೂಡಲೇ ನಾನು ಹೋಗಿ ಈ ಗೆರೆಯನ್ನು ನೋಡಿ ಬರುತ್ತಿದ್ದೆ. ಕೈ ಮುಗಿಯುತ್ತಿರಲಿಲ್ಲ ಎಂಬುದೊಂದೇ ಕೊರತೆ.

ಗೆಳೆಯನ ಬಗ್ಗೆ ಹೇಳಬೇಕು. ಎಳೆಯ ಪ್ರಾಯದಲ್ಲಿ ಬೊಂಬಾಯಿಗೆ ಹೋಗಿ ನಮ್ಮ ಊರಿನವರದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು. ಅಲ್ಲಿನ ಫುಟ್‌ಪಾತಿನಲ್ಲಿ ಹಳೆಯ ರೆಕಾರ್ಡುಗಳನ್ನು ಆರಿಸಿ ಆರಿಸಿ ತೆಗೆದುಕೊಂಡ. ಸಂಗೀತ ಕಲಿತವನಲ್ಲ. "ಇಡ್ಲಿ ಹಿಟ್ಟಿನ ಕಲ್ಲು ತಿರುಗುವುದನ್ನು ಕೇಳಿ ಕೇಳಿ, ತಿರುಗುವ ವಸ್ತುವಿನಲ್ಲಿ ಇನ್ನೇನಾದರೂ ಇರಬಹುದು ಅಂತ ಕಂಡಿತು" ಎಂದು ಕಾರಣ ಹೇಳುತ್ತಿದ್ದ. ಆಮೇಲೆ ಊರಿಗೆ ಬಂದು ಮೀನಿನ ದೋಣಿಯವರಿಗೆ ಮಂಜುಗಡ್ಡೆ ಮಾಡಿ ಕೊಡುವ ಐಸ್ ಫ್ಯಾಕ್ಟರಿ ಇಟ್ಟ. ನನ್ನ ಹೆಂಡತಿ ಅವನನ್ನು ಐಸಿನವರು ಎಂದೇ ಕರೆಯುವುದು. ಕಾಪುವಿನ ಅವನ ಮನೆಗೆ ಕಡಲಿನ ಗಾಳಿ ನೇರವಾಗಿ ಬರುತ್ತದೆ. ಕಿಟಕಿಯ ಸರಳು, ಫ್ಯಾನಿನ ರೆಕ್ಕೆ ಎಲ್ಲವನ್ನೂ ಉಪ್ಪು ತಿಂದು ಮುಗಿಸಿದ ಮೇಲೆ ರೆಕಾರ್ಡುಗಳ ಸರದಿ ಬಂದೀತೆಂದು ಹೆದರಿ, ಒಂದು ಬೇಸಗೆಯಲ್ಲಿ ಮೀನಿನ ವಾಸನೆಯಿದ್ದ ಓಮ್ನಿಯಲ್ಲಿ ಅಷ್ಟನ್ನೂ ಒಳನಾಡಾದ ನಮ್ಮಲ್ಲಿಗೆ ತಂದ. ಮಗಳನ್ನು ಕೊಟ್ಟ ಮನೆಗೆ ಬರುವವನ ಹಾಗೆ ಆಮೇಲೆ ಆಗಾಗ ಬಂದು, ಚೆನ್ನಾಗಿ ನೋಡಿಕೊಳ್ಳುತ್ತೀರೋ ಎಂದು ಕಣ್ಣಾಡಿಸಿ, ಕೇಳಿ, ಊಟ ಮಾಡಿ ಹೋಗುತ್ತಿದ್ದ.

ನಾವು ಮಾತಾಡುವುದು ತುಳುವಿನಲ್ಲಿ. ಸಂಗೀತದ ವಿಷಯ ಬಂದಾಗ ಮಾತ್ರ ಇಬ್ಬರೂ ಕನ್ನಡಕ್ಕೆ ಏರುತ್ತೇವೆ, ಸಭೆಗೆ ಹೋಗುವಾಗ ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡ ಹಾಗೆ.

ಅವನ ರೆಕಾರ್ಡುಗಳಲ್ಲಿ ಅವನಿಗೆ ಪ್ರಾಣದಂತಿದ್ದದ್ದು ಒಂದು ಮಾರ್ವಾ. ಸೂರ್ಯ ಮುಳುಗುವ ಹೊತ್ತಿನ ರಾಗ. ಮೂಲಸ್ವರವಾದ ಷಡ್ಜದ ಸುತ್ತಮುತ್ತ ತಿರುಗುತ್ತಲೇ ಇದ್ದು ಷಡ್ಜಕ್ಕೆ ಬಾರದೆ ಸತಾಯಿಸುವುದು ಅದರ ಸ್ವಭಾವ. ಹಾಡುಗಾರ ಮನೆಯ ಗೇಟಿನವರೆಗೆ ಬಂದು ಬಂದು ತಿರುಗಿ ಹೋಗುತ್ತಿರುತ್ತಾನೆ. ಕೇಳುವವನಿಗೆ ಇನ್ನು ತಡೆಯುವುದಿಲ್ಲ ಎಂದಾದಾಗ ಒಮ್ಮೆ ಷಡ್ಜದ ಮೇಲೆ ಬಂದು ನಿಲ್ಲುತ್ತಾನೆ. ಗೆಳೆಯನ ರೆಕಾರ್ಡಿನಲ್ಲಿ ಆ ಷಡ್ಜ ಬರುವುದಕ್ಕೆ ಸ್ವಲ್ಪವೇ ಮೊದಲು "ಟಿಕ್" ಎಂದು ಒಂದು ಸಣ್ಣ ಸದ್ದು ಉಂಟು. ಬೊಂಬಾಯಿಯ ಹೋಟೆಲಿನ ಮಾಳಿಗೆಯಲ್ಲಿ ಇದನ್ನು ಹಾಕಿ ಕೇಳುತ್ತಿದ್ದಾಗ ಜೊತೆಗಾರನ ಕೈಯಿಂದ ಬುತ್ತಿಯ ಮುಚ್ಚಳ ಜಾರಿ ಬಿದ್ದು ಆದ ಗೀರು ಅದು. ಬೇರೆಯವರಾದರೆ ಜೊತೆಗಾರನನ್ನು ಮಾಳಿಗೆಯಿಂದ ಕೆಳಗೆ ಹಾಕುತ್ತಿದ್ದರು. ಇವನು ಆ ಟಿಕ್ಕನ್ನು ರಾಗದ ಲಕ್ಷಣದಲ್ಲಿ ಸೇರಿಸಿಕೊಂಡ. ಅದು ಬರುವ ಮೊದಲೇ ತೋರುಬೆರಳನ್ನು ಎತ್ತಿ ಹಿಡಿಯುವುದು. ಟಿಕ್ ಎಂದ ಕೂಡಲೇ ಬೆರಳನ್ನು ಇಳಿಸುವುದು. ಇಳಿಯುವ ಬೆರಳಿನ ಜೊತೆಗೇ ಷಡ್ಜ ಬರುವುದು. ಹಾಡುಗಾರನಿಗೆ ಅಪ್ಪಣೆ ಕೊಟ್ಟವನು ತಾನೇ ಎಂಬ ಗತ್ತು ಮುಖದಲ್ಲಿ. ಒಮ್ಮೆ ನಾನು, ಚೆನ್ನಾಗಿ ತೊಳೆದರೆ ಈ ಟಿಕ್ ಹೋಗಬಹುದೋ ಎಂದು ಕೇಳಿದ್ದಕ್ಕೆ ಗುರುಸ್ಥಾನದಲ್ಲಿ ಕುಳಿತು ಹೇಳಿದ್ದ: "ಧೂಳು ತೊಳೆದರೆ ಹೋಗುತ್ತದೆ. ಗೀರು ಹೋಗುವುದಿಲ್ಲ. ಗೀರು ಎಂದರೆ ರೆಕಾರ್ಡಿನ ಜಾತಕ, ಮಾರಾಯ."

ಹೋದ ಮೇ ತಿಂಗಳಲ್ಲಿ ಕಪಾಟಿನ ಬಲ್ಬು ಸುಟ್ಟುಹೋಯಿತು. ಕಾರ್ಕಳದ ಅಂಗಡಿಗಳಲ್ಲಿ ಹಳೆಯ ನಮೂನೆಯ ಬಲ್ಬು ಕೇಳಿದರೆ, ಇವರಿಗೆ ಮನೆಯಲ್ಲಿ ಯಾರೂ ಇಲ್ಲವೋ ಎಂಬಂತೆ ನೋಡಿದರು. ಫೋನಿನಲ್ಲಿ ವಿಷಯ ತಿಳಿಸಿದೆ. ಎರಡು ದಿನ ಬಿಟ್ಟು ಗೆಳೆಯ ಬಸ್ಸಿನಲ್ಲಿ ಬಂದ. ಹೆಗಲ ಬೈರಾಸಿನಲ್ಲಿ ಸುತ್ತಿದ್ದ ಎಲ್‌ಇಡಿ ಬಲ್ಬನ್ನು ಶಿಶುವನ್ನು ತೆಗೆಯುವ ಹಾಗೆ ತೆಗೆದು ತೋರಿಸಿದ.

"ಒಂಬತ್ತೇ ವ್ಯಾಟು. ಬೆಳಕು ಅದರ ಎರಡು ಪಟ್ಟು. ಗ್ಯಾರಂಟಿ ಉಂಟು. ನಮಗೆ ಇಲ್ಲ, ಇದಕ್ಕೆ ಉಂಟು" ಎಂದ.

ಹಾಕಿದೆವು. ಕಪಾಟಿನ ಒಳಗೆ ಶಸ್ತ್ರಚಿಕಿತ್ಸೆಯ ಕೋಣೆಯಂತಹ ಬಿಳಿ ಬೆಳಕಾಯಿತು. ನನ್ನ ಹೆಂಡತಿಯ ಕೈಯಿಂದ ಸ್ವಿಚ್ಚು ಹಾಕಿಸಿ ಉದ್ಘಾಟನೆ ಮಾಡಿಸಿ, ಗೆಳೆಯ ಸಣ್ಣದೊಂದು ಭಾಷಣವನ್ನೂ ಮಾಡಿದ. ಆ ದಿನ ಮಾರ್ವಾ ಹಾಕಲು ಹೊತ್ತಿರಲಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಕಷ್ಟ ಎಂದು ಹೊರಟ. "ಮುಂದಿನ ವಾರ ಬರುತ್ತೇನೆ, ಅದನ್ನು ಕೇಳಿಯೇ ಬಾಗಿಲು ಮುಚ್ಚುವ" ಎಂದ. ಮುಂದಿನ ವಾರ ಬಂದದ್ದು ಮಳೆ. ಬಾಗಿಲು ಮುಚ್ಚಿದೆ.

ಆಷಾಢದಲ್ಲಿ ಅವನ ಕುತ್ತಿಗೆಯ ಬದಿಯಲ್ಲಿ ಒಂದು ಗಂಟು ಕಂಡಿತು. ಮಣಿಪಾಲಕ್ಕೆ ನಾನೂ ಜೊತೆಗೆ ಹೋಗಿದ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಬ್ಬ ಎಳೆಯ ವೈದ್ಯೆ ಸಮಾಧಾನದಿಂದ ಕೂರಿಸಿ ಎಲ್ಲವನ್ನೂ ಹೇಳಿದರು. ಗಂಟು ಕೆಟ್ಟದ್ದು. ಔಷಧಿಯನ್ನು ರಕ್ತನಾಳಕ್ಕೆ ಹನಿಸಬೇಕು, ಕೆಲವು ವಾರ ಬಿಟ್ಟು ಮತ್ತೆ ಮತ್ತೆ. ಕೂದಲು ಹೋಗಬಹುದು, ವಾಂತಿ ಆಗಬಹುದು. ಗೆಳೆಯ ಎಲ್ಲದಕ್ಕೂ ಬಜೆಟ್ ಕೇಳುವವನ ಹಾಗೆ ತಲೆಯಾಡಿಸುತ್ತಿದ್ದ.

"ಇನ್ನೊಂದು ಉಂಟು. ಕಿವಿ ಸ್ವಲ್ಪ ಕಡಿಮೆಯಾಗಬಹುದು. ಹೋದದ್ದು ತಿರುಗಿ ಬರುವುದಿಲ್ಲ" ಎಂದರು ವೈದ್ಯೆ.

ಅವನು ತಲೆಯಾಡಿಸುವುದನ್ನು ನಿಲ್ಲಿಸಿದ. "ಸ್ವಲ್ಪ ಎಂದರೆ ಎಂತ?"

"ಮೊದಲು ತುಂಬ ಮೇಲಿನ ಸ್ವರಗಳು ಹೋಗುತ್ತವೆ."

"ತಾರಸ್ಥಾಯಿಯಾ?"

ವೈದ್ಯೆಗೆ ಅರ್ಥವಾಗಿ ನಗು ಬಂತು. "ಅದಕ್ಕಿಂತಲೂ ಮೇಲೆ ಸರ್. ಮಿಡತೆ, ಹಕ್ಕಿಯ ಚಿಲಿಪಿಲಿ, ಒಗ್ಗರಣೆಯ ಚಟಪಟ, ಕುಕ್ಕರಿನ ಸೀಟಿ."

"ಕುಕ್ಕರಿನದ್ದು ಹೋದರೆ ಲಾಭವೇ" ಎಂದ. ಆದರೆ ಹೊರಗೆ ಬಂದು ಕ್ಯಾಂಟೀನಿನಲ್ಲಿ ಚಾ ಎದುರಿಗಿಟ್ಟುಕೊಂಡು ಕುಳಿತವನು ಬಹಳ ಹೊತ್ತು ಕುಡಿಯಲಿಲ್ಲ. ಸುತ್ತ ಎಲ್ಲೆಲ್ಲಿಂದಲೋ ಬಂದ ವಿದ್ಯಾರ್ಥಿಗಳು ಕಿವಿಗೆ ಬಿಳಿ ಗುಂಡಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

"ಔಷಧಿ ಸುರುವಾಗುವುದು ಸೋಮವಾರ ಅಲ್ವಾ" ಎಂದೆ. "ನಾಳೆ ಬಾ. ಕಪಾಟು ತೆರೆಯುವ. ಮಾರ್ವಾ ಕೇಳಿ ಹೋಗು."

"ಹುಚ್ಚೋ ನಿನಗೆ? ಹೊರಗೆ ಮಳೆ ನೋಡು."

"ಒಂದೇ ಒಂದು ರೆಕಾರ್ಡು ತೆಗೆದು ಮುಚ್ಚುವುದು."

"ಒಂದು ತೆಗೆಯಲಿಕ್ಕೆ ಬಾಗಿಲು ಅರ್ಧ ತೆರೆಯಲಿಕ್ಕೆ ಆಗುತ್ತದಾ? ಈ ಗಾಳಿ ಒಳಗೆ ಹೋದರೆ ಹೋಯಿತು. ಮತ್ತೆ ನೀನು ಇಡೀ ರಾತ್ರಿ ಹೇರ್ ಡ್ರೈಯರ್ ಹಿಡಿದು ಕೂರಬೇಕು. ನಿನ್ನ ತಲೆಯಲ್ಲಿ ಹೇರ್ ಇಲ್ಲ, ಮನೆಯಲ್ಲಿ ಡ್ರೈಯರ್ ಇಲ್ಲ."

"ಫೋನಿನಲ್ಲಿ ಸಿಗುತ್ತದೆ ಈಗ. ಅದೇ ಹಾಡುಗಾರ, ಅದೇ ಮಾರ್ವಾ. ಇಲ್ಲೇ ಹಾಕಲಾ?"

ಅವನು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. "ಅದರಲ್ಲಿ ನನ್ನ ಟಿಕ್ ಉಂಟಾ?" ಎಂದು ಮಾತ್ರ ಕೇಳಿದ. ಚಾದ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದ: "ಎರಡು ಕಿವಿಗಾಗಿ ಇಡೀ ಕಪಾಟನ್ನು ಹಾಳು ಮಾಡುವುದು ಬೇಡ. ಡಾಕ್ಟರು ಸ್ವಲ್ಪ ಎಂದಿದ್ದಾರೆ. ಸ್ವಲ್ಪ ಹೋದರೆ ಸ್ವಲ್ಪ ಉಳಿಯುತ್ತದಲ್ಲ. ವಿಜಯದಶಮಿಗೆ ಬರುತ್ತೇನೆ. ವ್ರತ ಎಂದರೆ ವ್ರತ."

ನಾನು ಹೆಚ್ಚು ಒತ್ತಾಯಿಸಲಿಲ್ಲ. ವ್ರತವನ್ನು ಮಾಡಿದವನೇ ಮುರಿಯಬೇಕು, ನಾನು ಬರೀ ಅರ್ಚಕ. ಆಮೇಲೆ ಆ ಮಳೆಗಾಲ ಪೂರ್ತಿ ನನ್ನ ಕೆಲಸವೆಂದರೆ ನೆಲದ ಮೇಲಿನ ಬಿಳಿ ಗೆರೆಯನ್ನು ನೋಡುವುದು. ಅವನು ಮಣಿಪಾಲದ ಹಾಸಿಗೆಯಿಂದ ಫೋನು ಮಾಡುತ್ತಿದ್ದ. ಸೂಜಿ, ಸಂಕಟ, ಅನ್ನ ಸೇರದ್ದು ಇವುಗಳ ವರದಿಯೆಲ್ಲ ಅವನ ಹೆಂಡತಿಯದು. ಅವನು ಕೇಳುತ್ತಿದ್ದದ್ದು ಒಂದೇ.

"ಬಲ್ಬು ಉರಿಯುತ್ತಾ ಉಂಟಾ?"

"ಉರಿಯುತ್ತಾ ಉಂಟು."

"ಹಾಗಾದರೆ ಸರಿ."

ಶ್ರಾವಣ ಕಳೆಯಿತು, ಚೌತಿ ಕಳೆಯಿತು. ಎರಡು ಸುತ್ತಿನ ಔಷಧಿ ಮುಗಿದು, ಮೂರನೆಯದು ವಿಜಯದಶಮಿಯ ಮರುವಾರಕ್ಕೆ ಎಂದಾಯಿತು. ಫೋನಿನಲ್ಲಿ ಅವನ ದನಿ ಮೊದಲಿಗಿಂತ ಗಟ್ಟಿಯಾಗಿ ಕೇಳುತ್ತಿತ್ತು. ಗುಣವಾಗುತ್ತಿರಬೇಕು ಎಂದು ನಾನೂ ನನ್ನ ಹೆಂಡತಿಯೂ ಸಂತೋಷಪಟ್ಟೆವು. ಕಿವಿ ಮಂದವಾಗತೊಡಗಿದವರು ಹಾಗೆ ಗಟ್ಟಿಯಾಗಿ ಮಾತಾಡುತ್ತಾರೆಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮಹಾನವಮಿಯ ಬೆಳಿಗ್ಗೆ ಬಿಸಿಲಿತ್ತು. ಆಯುಧಪೂಜೆಯ ಲೆಕ್ಕದಲ್ಲಿ ರೆಕಾರ್ಡ್ ಪ್ಲೇಯರನ್ನು ಒರೆಸಿ, ಸೂಜಿಗೆ ಒಂದು ಹೂವಿನ ಎಸಳು ತೋರಿಸಿ, ಮರುದಿನಕ್ಕೆ ಮಾರ್ವಾವನ್ನು ತೆಗೆದಿಡೋಣ ಎಂದು ಒಂದು ದಿನ ಮುಂಚಿತವಾಗಿ ಕಪಾಟನ್ನು ತೆರೆದೆ.

ಬೆಳಕು ಚೆನ್ನಾಗಿತ್ತು. ಅದರಿಂದಾಗಿ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಮೇಲಿನಿಂದ ಕೆಳಗಿನವರೆಗೆ, ಹಿಂದೂಸ್ತಾನಿ ಕರ್ನಾಟಕ ಎಂಬ ಭೇದವಿಲ್ಲದೆ, ಬೂದು ಬಣ್ಣದ ಮೃದುವಾದ ರೋಮ ಎದ್ದಿತ್ತು. ಕವಚಗಳ ಮೇಲಿನ ಹಾಡುಗಾರರ ಮುಖಗಳಿಗೆಲ್ಲ ಹೊಸದಾಗಿ ಗಡ್ಡ ಬಂದಂತಿತ್ತು. ಮಾರ್ವಾದ ಕವಚ ಪಕ್ಕದ್ದಕ್ಕೆ ಅಂಟಿಕೊಂಡಿತ್ತು. ಬಿಡಿಸಿ ತೆಗೆದಾಗ ತಟ್ಟೆಯ ಮೇಲೆ ಬಿಳಿ ಬಿಳಿ ಜರಿಗಿಡದ ಎಲೆಗಳಂತೆ ಬೂಷ್ಟು ಹರಡಿತ್ತು. ನೋಡಲು ಚೆಂದವೇ.

ಸದ್ದಿಲ್ಲದ್ದನ್ನು ಕಂಡು ಹೆಂಡತಿ ಬಂದಳು. ಅವಳು ಸಂಗೀತ ಕೇಳುವವಳಲ್ಲ. ನಾವಿಬ್ಬರೂ ಕೇಳುವುದನ್ನು ಬಹಳ ವರ್ಷ ಸಹಿಸಿದವಳು. ನೇರವಾಗಿ ಕೈಯನ್ನು ತಂತಿಯ ಪಂಜರದೊಳಗೆ ಹಾಕಿ ಬಲ್ಬನ್ನು ಮುಟ್ಟಿದಳು.

"ಇದು ತಣ್ಣಗೆ ಉಂಟಲ್ಲ ಮಾರಾಯ್ರೆ" ಎಂದಳು.

"ಉರಿಯುತ್ತಾ ಉಂಟಲ್ಲ" ಎಂದೆ.

"ಉರಿಯುತ್ತಾ ಉಂಟು. ಆದರೆ ನಿಮಗೆ ಬೇಕಾದದ್ದು ಬಿಸಿಯೋ ಬೆಳಕೋ? ಒಳಗೆ ಕೂತು ಯಾರಾದರೂ ಪೇಪರ್ ಓದಲಿಕ್ಕೆ ಉಂಟಾ?"

ನಾನು ಅಲ್ಲೇ ಕುಳಿತೆ. ಬಲ್ಬು ಇಟ್ಟದ್ದು ಬಿಸಿಗೆ. ಅದು ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಅಷ್ಟು ಮಳೆಗಾಲ ಬಾಗಿಲ ಸಂದಿಯ ಬೆಳಕನ್ನೇ ನೋಡಿ ನೋಡಿ, ಅದು ನಮಗೆ ನಂದಾದೀಪವಾಗಿಬಿಟ್ಟಿತ್ತು. ನಂದಾದೀಪ ನಂದಬಾರದು, ಅಷ್ಟೇ. ಅದು ಬಿಸಿಯಾಗಿದೆಯೇ ಎಂದು ಯಾವ ಭಕ್ತನೂ ಮುಟ್ಟಿ ನೋಡುವುದಿಲ್ಲ. ಅದರಲ್ಲೂ ಬಲ್ಬು ತಂದವನು ಜೀವಮಾನವಿಡೀ ನೀರಿನಿಂದ ಬಿಸಿಯನ್ನು ತೆಗೆದು ಮಂಜುಗಡ್ಡೆ ಮಾಡಿದವನು. ಈ ಭೂಮಿಯ ಮೇಲೆ ಬಿಸಿಗೂ ಬೆಳಕಿಗೂ ಇರುವ ವ್ಯತ್ಯಾಸ ತಿಳಿದಿರಬೇಕಾದ ಒಬ್ಬ ಮನುಷ್ಯನಿದ್ದರೆ ಅದು ಅವನು.

"ಐಸಿನವರಿಗೆ ಹೇಳಬೇಡಿ" ಎಂದಳು ಹೆಂಡತಿ. ಪಂಜರದಿಂದ ಕೈ ತೆಗೆದು, "ಅವರು ತಂದ ಬಲ್ಬು" ಎಂದಳು.

ಇಡೀ ದಿನ ತೊಳೆದೆವು. ಅವಳು ಅಂಟುವಾಳ ನೆನೆಸಿದಳು, ನಾನು ಬ್ಯಾಟರಿ ಅಂಗಡಿಯಿಂದ ಬ್ಯಾಟರಿಗೆ ಹಾಕುವ ಶುದ್ಧ ನೀರು ತಂದೆ. ನಡುವಿನ ಕಾಗದದ ಬಿಲ್ಲೆಗೆ ನೀರು ತಾಗದ ಹಾಗೆ ಮೆತ್ತನೆಯ ಬಟ್ಟೆಯಿಂದ ಗೆರೆಯ ಗುಂಟ ಒರೆಸಿ, ಊಟದ ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ನೆರಳಿಗೆ ನಿಲ್ಲಿಸಿದೆ. ಮಾರ್ವಾವನ್ನು ನಾಲ್ಕು ಸಲ ತೊಳೆದಿರಬೇಕು. ಕೊನೆಗೆ ಅದು ಹೊಸತರ ಹಾಗೆ ಹೊಳೆಯಿತು. ಮುಸ್ಸಂಜೆಗೆ ಹಾಕಿ ನೋಡಿದೆ. ಸೂಜಿ ಇಳಿದದ್ದೇ ಮೀನು ಹುರಿಯುವ ಸದ್ದು. ಅದರ ಹಿಂದೆ ಎಲ್ಲೋ ಒಬ್ಬ ಮನುಷ್ಯ ಹಾಡುತ್ತಿದ್ದ. ಸ್ವರಗಳು ಹೋಗಿರಲಿಲ್ಲ, ಆದರೆ ಸಣ್ಣ ಮಳೆ ತಗಡಿನ ಮಾಡಿಗೆ ಬೀಳುವಾಗ ಒಳಗೆ ಕುಳಿತು ಪಕ್ಕದ ಮನೆಯವರ ಹಾಡು ಕೇಳಿದ ಹಾಗಿತ್ತು. ಷಡ್ಜ ಬರುವ ಹೊತ್ತಿಗೆ ಕಿವಿ ನಿಮಿರಿಸಿ ಕೇಳಿದೆ. ಟಿಕ್ ಇತ್ತು. ಅಷ್ಟು ಸಿಡಿತದ ನಡುವೆಯೂ ಅದು ಬೇರೆಯಾಗಿ, ಗಟ್ಟಿಯಾಗಿ ಕೇಳಿತು, ಹಳೆಯ ಗುಮಾಸ್ತನ ಹಾಗೆ ತನ್ನ ಜಾಗದಲ್ಲೇ ಕುಳಿತಿತ್ತು.

ಮರುದಿನ ಅವನು ಬರುತ್ತಾನೆ. ಔಷಧಿಗೆ ಕಿವಿ ಪೂರ್ತಿ ಹೋಗುವುದಕ್ಕೆ ಮೊದಲು ಒಮ್ಮೆ ಕೇಳಬೇಕೆಂದು ಮೂರು ತಿಂಗಳು ಕಾದವನ ಎದುರಿಗೆ ನಾನು ಹಾಕಬೇಕಾದದ್ದು ಈ ಹುರಿದ ಮೀನನ್ನು. ಪ್ಲೇಯರಿನ ಬೆಲ್ಟು ತುಂಡಾಯಿತು ಎನ್ನಲೇ, ಕರೆಂಟು ಇಲ್ಲ ಎನ್ನಲೇ ಎಂದೆಲ್ಲ ಯೋಚಿಸಿದೆ. ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರಿಗೆ ಇಲ್ಲವೆನ್ನಲು ನೂರು ದಾರಿ ಬಲ್ಲವನಿಗೆ ಆ ರಾತ್ರಿ ಒಂದೂ ತೋಚಲಿಲ್ಲ.

ಅವನ ಭಾವ ಕಾರಿನಲ್ಲಿ ತಂದು ಬಿಟ್ಟು, ಕಾರ್ಕಳದಲ್ಲಿ ಕೆಲಸವಿದೆಯೆಂದು ಹೋದರು. ಇಳಿದವನ ತಲೆಗೆ ಉಣ್ಣೆಯ ಟೊಪ್ಪಿ, ಅಂಗಿಯ ಒಳಗೆ ಇನ್ನೂ ಒಬ್ಬರಿಗೆ ಜಾಗ. "ನೋಡು, ಈಗ ನಿನ್ನ ತಲೆ, ನನ್ನ ತಲೆ ಒಂದೇ ಘರಾನಾ" ಎಂದು ಗಟ್ಟಿಯಾಗಿ ನಕ್ಕ. ಹೆಂಡತಿ ಪಾಯಸ ತಂದಿಟ್ಟಳು. ಎರಡು ಚಮಚ ತಿಂದ. ಕಪಾಟಿನ ಬಾಗಿಲು ಓರೆಯಾಗಿತ್ತು, ಒಳಗೆ ಬಿಳಿ ಬೆಳಕು. ಅತ್ತ ನೋಡಿ ತೃಪ್ತಿಯಿಂದ ಕಣ್ಣು ಮುಚ್ಚಿ ತೆರೆದ.

ಸೂರ್ಯ ಇಳಿಯುವವರೆಗೆ ಕಾದೆವು. ಆ ನಿಯಮವೂ ಅವನದೇ. ಆಮೇಲೆ ಹಾಕಿದೆ.

ಸೂಜಿ ಇಳಿಯಿತು. ಮೀನು ಹುರಿಯತೊಡಗಿತು. ನಾನು ಅವನ ಮುಖ ನೋಡಲಾರದೆ ಪ್ಲೇಯರಿನ ಕಡೆಗೆ ತಿರುಗಿ ನಿಂತೆ. ಈಗ ಬೈಯುತ್ತಾನೆ, ಈಗ ಏಳುತ್ತಾನೆ. ಹಿಂದಿನಿಂದ ಸದ್ದೇ ಇಲ್ಲ. ತಿರುಗಿದರೆ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಿನಿಂದ ಲಯ ಹಿಡಿದಿದ್ದಾನೆ.

"ಎಷ್ಟು ಸ್ವಚ್ಛ ಇಟ್ಟಿದ್ದೀ" ಎಂದ ಕಣ್ಣು ತೆರೆಯದೆ. "ಬೊಂಬಾಯಿಯಲ್ಲಿ ತಂದ ದಿನವೂ ಇಷ್ಟು ಸ್ವಚ್ಛ ಇರಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಸಿಡಿತ ಅವಳಿಗೂ ಕೇಳುತ್ತಿತ್ತು.

"ತಂಬೂರಿ ಮಾತ್ರ ಸ್ವಲ್ಪ ದೂರ ಇಟ್ಟ ಹಾಗೆ ಉಂಟು" ಎಂದ. "ನಿನ್ನ ಸ್ಪೀಕರಿನ ದೋಷ."

"ಹೌದು, ಹಳತಾಯಿತು" ಎಂದೆ.

ಹಾಡುಗಾರ ಗೇಟಿನವರೆಗೆ ಬಂದ, ಹೋದ. ಮತ್ತೆ ಬಂದ. ಗೆಳೆಯನ ಬೆರಳು ಮೊಣಕಾಲಿನಿಂದ ಎದ್ದಿತು. ತೋರುಬೆರಳು ಮೇಲಕ್ಕೆ ನಿಂತಿತು. ನನಗೆ ಟಿಕ್ ಸ್ಪಷ್ಟವಾಗಿ ಕೇಳಿತು. ಅವನ ಬೆರಳು ಇಳಿಯಲಿಲ್ಲ. ಷಡ್ಜ ಬಂದೇಬಿಟ್ಟಿತು, ಬಂದು ನಿಂತಿತು, ಕೋಣೆ ತುಂಬಿತು. ಬೆರಳು ಹಾಗೆಯೇ ಮೇಲಿತ್ತು.

ಅವನು ಕಣ್ಣು ತೆರೆದ. ಬೆರಳನ್ನು ಒಮ್ಮೆ ನೋಡಿದ, ಆಮೇಲೆ ನನ್ನನ್ನು.

"ಟಿಕ್ ಎಲ್ಲಿ?"

"ತೊಳೆದೆ" ಎಂದೆ. "ಅಂಟುವಾಳ ಹಾಕಿ ತೊಳೆದೆ. ಹೋಯಿತು."

ಗೀರು ತೊಳೆದರೆ ಹೋಗುವುದಿಲ್ಲ ಎಂದು ನನಗೆ ಕಲಿಸಿದವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಹಾಡು ಮುಂದೆ ಹೋಗಿತ್ತು. ಬೆರಳನ್ನು ನಿಧಾನವಾಗಿ ಇಳಿಸಿ, ಇನ್ನೊಂದು ಕೈಯಿಂದ ಮುಚ್ಚಿಕೊಂಡ.

"ಒಳ್ಳೆಯ ಅಂಟುವಾಳ" ಎಂದ.

ಆ ಬದಿ ಮುಗಿಯಿತು. ಇನ್ನೊಂದು ಬದಿ ಹಾಕಲೇ ಎಂದು ಕೇಳಿದ್ದಕ್ಕೆ ಬೇಡವೆಂದು ಕೈಯಾಡಿಸಿದ. ಭಾವನ ಕಾರಿನ ಹಾರ್ನು ಕೇಳಿತು, ನನಗೆ. "ಕಾರು ಬಂತು" ಎಂದು ನಾನು ಹೇಳಿದ ಮೇಲೆ ಎದ್ದ. ಮೆಟ್ಟಿಲಿನವರೆಗೆ ನನ್ನ ಭುಜ ಹಿಡಿದು ಬಂದು, ಚಪ್ಪಲಿ ಮೆಟ್ಟುತ್ತಾ, ಏನೋ ನೆನಪಾದವನಂತೆ ನಿಂತ.

"ಮಳೆ ಇನ್ನೂ ಪೂರ್ತಿ ಹೋಗಿಲ್ಲ. ಬಲ್ಬು ತೆಗೆಯಬೇಡ."

"ತೆಗೆಯುವುದಿಲ್ಲ" ಎಂದೆ.

ತೆಗೆದಿಲ್ಲ. ಮೂರನೆಯ ಸುತ್ತು ಮುಗಿದಿದೆ. ಈಗ ಅವನ ಹತ್ತಿರ ಫೋನಿನಲ್ಲಿ ಮಾತಾಡುವುದು ಕಷ್ಟ. ಅವನು ಕೇಳುತ್ತಾನೆ, ನನ್ನ ಉತ್ತರವನ್ನು ಅವನ ಹೆಂಡತಿ ಅವನ ಕಿವಿಯ ಹತ್ತಿರ ಕೂಗಿ ಹೇಳುತ್ತಾರೆ. ಕೇಳುವುದು ಈಗಲೂ ಅದೊಂದನ್ನೇ. ಉರಿಯುತ್ತಾ ಉಂಟು ಎನ್ನುತ್ತೇನೆ.